ಎಂಬತ್ತೇಳರಲ್ಲಿ ಒಂದು ಪಾಲು

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸರಿಯಾಗಿ 30 ಗ್ರಾಂ ತೋರಿಸಿತು. ತಕ್ಕಡಿಯ ಮೇಲಿದ್ದದ್ದು ಕಾವಿ ಬಣ್ಣದ ಒಂದು ಮರದ ರೈಲುಡಬ್ಬಿ, ಉದ್ದ ಹತ್ತೂವರೆ ಸೆಂಟಿಮೀಟರ್. ಅದರ ಮೂಲಗಾಡಿ 30 ಅಡಿ ಉದ್ದ, 20 ಟನ್ ತೂಕ ಎಂದು ಲೆಕ್ಕ ಹಿಡಿದಿದ್ದೆ. ಉದ್ದವನ್ನು 87ರಿಂದ ಭಾಗಿಸಿದ್ದೆ. ತೂಕವನ್ನು 87ರ ಘನದಿಂದ, ಅಂದರೆ ಸುಮಾರು 6 ಲಕ್ಷ 60 ಸಾವಿರದಿಂದ ಭಾಗಿಸಿದ್ದೆ. ಬಂದ ಉತ್ತರಕ್ಕೆ ಒಂದು ಗ್ರಾಂ ಕೂಡ ಹೆಚ್ಚುಕಮ್ಮಿ ಆಗದಂತೆ ನೆಲಹಲಗೆಯ ಕೆಳಗೆ ಸೀಸದ ಚೂರನ್ನು ಅಂಟಿಸಿದ್ದೆ. ಅಷ್ಟು ನಿಖರವಾಗಿ ಅದುವರೆಗೆ ನಾನು ಏನನ್ನೂ ಮಾಡಿರಲಿಲ್ಲ.

ಮಾರನೆಯ ಸಂಜೆ ಅದನ್ನು ಮೇಜಿನ ಮೇಲಿನ ಹಳಿಯಲ್ಲಿ ಒಂದು ಗೂಡ್ಸ್ ಗಾಡಿಯ ಬಾಲಕ್ಕೆ ಜೋಡಿಸಿ, ಎಂಜಿನ್ನನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟೆ. ಮೊದಲ ತಿರುವಿನಲ್ಲೇ ಡಬ್ಬಿ ಹಳಿ ತಪ್ಪಿ ಮಗುಚಿತು. ಎತ್ತಿ ಇಟ್ಟೆ, ಮತ್ತೆ ಮಗುಚಿತು. ಚಕ್ರಗಳ ನಡುವಿನ ಅಂತರ ಪರೀಕ್ಷಿಸಿದೆ, ಸರಿಯಿತ್ತು. ಕೊಂಡಿಯ ಎತ್ತರ ಸರಿಯಿತ್ತು. ಹಳಿಯೂ ಸರಿಯಿತ್ತು, ಬೇರೆ ಡಬ್ಬಿಗಳು ಅದೇ ತಿರುವನ್ನು ದಾಟಿ ಹೋಗುತ್ತಿದ್ದವು. ಅಳತೆ ಎಲ್ಲೂ ತಪ್ಪಿರಲಿಲ್ಲ. ತೊಂದರೆಯ ಬೇರು ಇದ್ದದ್ದೂ ಅಲ್ಲೇ ಎಂದು ಅರ್ಥವಾಗಲು ಕೆಲವು ವಾರ ಬೇಕಾಯಿತು.

ಈ ಡಬ್ಬಿಗೆ ಅಮೆರಿಕದಲ್ಲಿ ಕಬೂಸ್ ಎಂದು ಹೆಸರು. ಹಡಗಿನ ಅಡುಗೆಕೋಣೆಗೆ ಡಚ್ಚರು ಬಳಸುತ್ತಿದ್ದ ಪದವೊಂದರಿಂದ ಬಂದದ್ದು ಅದು. ನೂರು ವರ್ಷಕ್ಕೂ ಮೀರಿ ಆ ದೇಶದ ಗೂಡ್ಸ್ ಗಾಡಿಗಳ ಕೊನೆಯಲ್ಲಿ ಕಬೂಸ್ ಇದ್ದೇ ಇರುತ್ತಿತ್ತು. ಅರಸೀಕೆರೆಯಲ್ಲೋ ಹುಬ್ಬಳ್ಳಿಯಲ್ಲೋ ಗೂಡ್ಸ್ ಗಾಡಿ ಮುಗಿಯುವವರೆಗೆ ಡಬ್ಬಿ ಎಣಿಸುತ್ತಾ ನಿಂತವರಿಗೆ ಕೊನೆಯಲ್ಲಿ ಬರುವ ಗಾರ್ಡ್ ಡಬ್ಬಿಯ ನೆನಪಿರುತ್ತದೆ. ಕಬೂಸ್ ಅದರ ಅಮೆರಿಕದ ದಾಯಾದಿ, ಆದರೆ ಸಂಸಾರ ದೊಡ್ಡದು. ಒಳಗೆ ಕಲ್ಲಿದ್ದಲಿನ ಒಲೆ, ಮಲಗಲು ಬೆಂಚು, ಬರೆಯಲು ಮೇಜು, ನೀರಿನ ಪೀಪಾಯಿ, ಸೀಮೆಎಣ್ಣೆ ದೀಪ. ನಮ್ಮಲ್ಲಿ ಕಂಡಕ್ಟರ್ ಎಂದರೆ ಬಸ್ಸಿನವರು. ಅಲ್ಲಿ ಇಡೀ ಗೂಡ್ಸ್ ಗಾಡಿಯ ಯಜಮಾನನೇ ಕಂಡಕ್ಟರ್. ಎಂಜಿನ್ ನಡೆಸುವವನೂ ಅವನ ಮಾತಿಗೆ ಒಳಪಟ್ಟವನು. ಯಾವ ಡಬ್ಬಿಯಲ್ಲಿ ಯಾರ ಸರಕು, ಎಲ್ಲಿ ಬಿಡಬೇಕು, ಎಲ್ಲಿ ಎತ್ತಬೇಕು ಎಂಬ ಕಾಗದಪತ್ರವೆಲ್ಲ ಆ ಮೇಜಿನ ಮೇಲೆ ನಡೆಯುತ್ತಿತ್ತು.

ಅವನ ಜೊತೆ ಇರುತ್ತಿದ್ದ ಬಾವುಟದವನ ಕೆಲಸ ಇನ್ನೂ ಕಠಿಣ. ಗಾಡಿ ದಾರಿಯಲ್ಲಿ ಎಲ್ಲಾದರೂ ನಿಂತರೆ ಅವನು ಕೆಂಪು ಬಾವುಟ, ಲಾಂದ್ರ, ಹಳಿಗೆ ಕಟ್ಟುವ ಪಟಾಕಿಗಳನ್ನು ಹಿಡಿದು ಹಿಂದಕ್ಕೆ ನಡೆಯಬೇಕು. ಹಿಂದೆ ಬರುವ ಗಾಡಿಗೆ ನಿಲ್ಲಲು ಸಾಕಷ್ಟು ದೂರ ಸಿಗುವಷ್ಟು ನಡೆಯಬೇಕು, ಹಿಮ ಸುರಿಯುತ್ತಿದ್ದರೂ, ನಡುರಾತ್ರಿಯಾದರೂ.

ಚಾವಣಿಯ ಮೇಲೆ ಗೋಪುರದ ಹಾಗೆ ಎದ್ದ ಒಂದು ಪುಟ್ಟ ಕೋಣೆ ಇರುತ್ತದಲ್ಲ, ಕಬೂಸನ್ನು ದೂರದಿಂದಲೇ ಗುರುತು ಹಿಡಿಯುವುದು ಅದರಿಂದ. ಅದಕ್ಕೆ ಕ್ಯುಪೋಲಾ ಎನ್ನುತ್ತಾರೆ. 1863ರಲ್ಲಿ ಶಿಕಾಗೊ ಮತ್ತು ನಾರ್ತ್ ವೆಸ್ಟರ್ನ್ ರೈಲಿನ ವಾಟ್ಸನ್ ಎಂಬ ಕಂಡಕ್ಟರನಿಗೆ ಕಬೂಸ್ ಸಿಗದೆ, ಚಾವಣಿಯಲ್ಲಿ ತೂತಿದ್ದ ಒಂದು ಸರಕು ಡಬ್ಬಿ ಸಿಕ್ಕಿತಂತೆ. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಹತ್ತಿ, ತೂತಿನಿಂದ ತಲೆ ಹೊರಹಾಕಿ ಕುಳಿತಾಗ ಗಾಡಿಯ ಪೂರ್ತಿ ಉದ್ದ ಕಂಡಿತಂತೆ. ಆಮೇಲೆ ಕಾರ್ಖಾನೆಯವರನ್ನು ಕೇಳಿಕೊಂಡು ಅಲ್ಲೊಂದು ಗಾಜಿನ ಗೂಡು ಕಟ್ಟಿಸಿದನಂತೆ. ರೈಲ್ವೆಯವರು ತಲೆತಲಾಂತರದಿಂದ ಹೇಳಿಕೊಂಡು ಬಂದ ಕಥೆ ಇದು. ಆ ಗೂಡಿನ ಅಗತ್ಯವಂತೂ ನಿಜವಾದದ್ದು. ಆ ಕಾಲದ ಗಾಡಿಗಳಲ್ಲಿ ಅಚ್ಚಿನ ತುದಿ ಹಿತ್ತಾಳೆಯ ಬೇರಿಂಗಿನ ಕೆಳಗೆ ತಿರುಗುತ್ತಿತ್ತು. ಅದಕ್ಕೆ ಎಣ್ಣೆ ಉಣಿಸುತ್ತಿದ್ದದ್ದು ಪೆಟ್ಟಿಗೆಯೊಳಗೆ ತುರುಕಿದ, ಗ್ಯಾರೇಜಿನವರು ವೇಸ್ಟ್ ಎನ್ನುವಂಥ ನೂಲಿನ ಉಂಡೆ. ಎಣ್ಣೆ ಆರಿದರೆ ಲೋಹ ಕಾದು, ನೂಲು ಹೊಗೆಯಾಡಿ, ಹೊತ್ತಿ, ಕೊನೆಗೆ ಅಚ್ಚೇ ಮುರಿಯುತ್ತಿತ್ತು. ಆ ಮೊದಲ ಹೊಗೆಯ ಎಳೆಯನ್ನು ಕಾಣಲೆಂದೇ ಒಬ್ಬ ಮನುಷ್ಯ ಮೇಲೆ ಕುಳಿತು ತಾಸುಗಟ್ಟಲೆ ನೋಡುತ್ತಿದ್ದ.

ನಾನು ಮಾದರಿಗೆ ಆರಿಸಿಕೊಂಡದ್ದು ಪೆನ್ಸಿಲ್ವೇನಿಯಾ ರೈಲ್‌ರೋಡಿನ ಎನ್6ಬಿ ವರ್ಗದ ಕಬೂಸ್. ಆ ಕಂಪನಿ ಅದನ್ನು ಕಬೂಸ್ ಎನ್ನದೆ ಕ್ಯಾಬಿನ್ ಕಾರ್ ಎಂದೇ ಕರೆಯುತ್ತಿತ್ತು. ಇದನ್ನೇ ಆರಿಸಲು ಒಂದು ಕಾರಣವಿದೆ: ಇದರ ಆಕಾರದಲ್ಲಿ ಒಬ್ಬ ಎಂಜಿನಿಯರನ ಇಷ್ಟಕ್ಕಿಂತ ಹೆಚ್ಚಾಗಿ ಹೊರಗಿನ ಒತ್ತಡಗಳೇ ಕಾಣುತ್ತವೆ. ಮೊದಲು ಈ ಕಂಪನಿಯಲ್ಲಿ ನಾಲ್ಕೇ ಗಾಲಿಯ ಪುಟ್ಟ ಕ್ಯಾಬಿನ್‌ಗಳಿದ್ದವು. ಹಳಿಯ ಪ್ರತಿ ಸಂದಿಗೂ ಅವು ಕುಪ್ಪಳಿಸುತ್ತಿದ್ದವು, ಒಳಗಿದ್ದವರ ಮೈಮೂಳೆಗೆ ಬಿಡುವಿರಲಿಲ್ಲ. 20ನೇ ಶತಮಾನದ ಎರಡನೇ ದಶಕದಲ್ಲಿ ಒಹಾಯೊದಂಥ ರಾಜ್ಯಗಳು ನಾಲ್ಕು ಗಾಲಿಯ ಕಬೂಸ್‌ಗಳ ವಿರುದ್ಧ ಕಾನೂನು ಮಾಡಿದವು. ಆಗ ಕಂಪನಿ ಹಳೆಯ ಡಬ್ಬಿಗಳನ್ನು ಉದ್ದ ಮಾಡಿ, ಎಂಟು ಗಾಲಿ ಹಾಕಿ ಮರುಕಟ್ಟಿತು. ಪಶ್ಚಿಮದ ಮಾರ್ಗಗಳಿಗೆ ಎತ್ತರದ ಕ್ಯುಪೋಲಾ ಇಟ್ಟರು. ಪೂರ್ವದ ಹಳೆಯ ಸುರಂಗಗಳಲ್ಲಿ, ಸೇತುವೆಗಳ ಅಡಿಯಲ್ಲಿ ಅಷ್ಟು ಜಾಗವಿರಲಿಲ್ಲವಾದ್ದರಿಂದ ಅಲ್ಲಿಗೆ ಗೋಡೆಗಳು ಒಳಕ್ಕೆ ವಾಲಿದ ಗಿಡ್ಡ ಕ್ಯುಪೋಲಾ. ಅದೇ ಎನ್6ಬಿ. ಆ ವಾಲಿದ ಗೋಡೆಯನ್ನು ಬ್ಲೇಡಿನಿಂದ ಕತ್ತರಿಸುವಾಗ ಯಾವುದೋ ಸುರಂಗದ ಕಮಾನಿನ ಅಂಚನ್ನೇ ಕತ್ತರಿಸುತ್ತಿದ್ದೇನೆ ಎನ್ನಿಸುತ್ತಿತ್ತು.

ಇನ್ನು 87ರ ವಿಷಯ. ಎಲ್ಲ ಬಿಟ್ಟು ಈ ಸಂಖ್ಯೆಯೇ ಏಕೆ? ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಆಟಿಕೆ ರೈಲಿನ ಹಳಿಗಳಿಗೆ ಸಂಖ್ಯೆಗಳನ್ನು ಕೊಟ್ಟು ಅಳತೆಯ ಕ್ರಮವೊಂದನ್ನು ತಂದಿತು. ಮುಂದೆ ಒಂದನೇ ನಂಬರಿಗಿಂತ ಚಿಕ್ಕ ಹಳಿ ಬಂದಾಗ ಅದಕ್ಕೆ ಸೊನ್ನೆ ಎಂದರು. ಇಂಗ್ಲಿಷರ ಬಾಯಲ್ಲಿ ಆ ಸೊನ್ನೆ ‘ಓ’ ಆಯಿತು. ಬ್ರಿಟನ್ನಿನವರು ಓ ಅಳತೆಯಲ್ಲಿ ಒಂದು ಅಡಿಗೆ 7 ಮಿಲಿಮೀಟರ್ ಎಂದು ಹಿಡಿದರು. ಅದರ ಅರ್ಧ, ಹಾಫ್ ಓ, ಎಚ್‌ಓ: ಅಡಿಗೆ 3.5 ಮಿಲಿಮೀಟರ್. ಒಂದು ಅಡಿಯ 304.8 ಮಿಲಿಮೀಟರನ್ನು 3.5ರಿಂದ ಭಾಗಿಸಿದರೆ 87.1. ಬ್ರಿಟಿಷ್ ಅಡಿಗೂ ಫ್ರೆಂಚ್ ಮಿಲಿಮೀಟರಿಗೂ ಗಂಟು ಹಾಕಿದ್ದರಿಂದ ಹುಟ್ಟಿದ ಈ ವಿಚಿತ್ರ ಸಂಖ್ಯೆಯೇ ಇವತ್ತು ಜಗತ್ತಿನ ಅತಿ ಜನಪ್ರಿಯ ಮಾದರಿ ರೈಲಿನ ಅಳತೆ. 1,435 ಮಿಲಿಮೀಟರ್ ಅಗಲದ ಹಳಿ ಇಲ್ಲಿ 16.5 ಮಿಲಿಮೀಟರ್ ಆಗುತ್ತದೆ.

ಇಲ್ಲಿಯವರೆಗೆ ಎಲ್ಲವೂ ಗುಣಾಕಾರ, ಭಾಗಾಕಾರ. ಭೌತವಿಜ್ಞಾನ ಶುರುವಾಗುವುದು ಇದಾದ ಮೇಲೆ.

ಉದ್ದ 87 ಪಟ್ಟು ಕುಗ್ಗಿದಾಗ ಮೇಲ್ಮೈಯ ವಿಸ್ತೀರ್ಣ 87ರ ವರ್ಗದಷ್ಟು, ಅಂದರೆ ಸುಮಾರು 7,600 ಪಟ್ಟು ಕುಗ್ಗುತ್ತದೆ. ಗಾತ್ರ ಮತ್ತು ತೂಕ ಆರೂವರೆ ಲಕ್ಷ ಪಟ್ಟು ಕುಗ್ಗುತ್ತವೆ. ಒಂದು ಕಂಬ ಎಷ್ಟು ಭಾರ ಹೊರಬಲ್ಲದು ಎಂಬುದನ್ನು ತೀರ್ಮಾನಿಸುವುದು ಅದರ ಅಡ್ಡಕೊಯ್ತದ ವಿಸ್ತೀರ್ಣ. ಅದು ಹೊರಬೇಕಾದ ಭಾರ ಗಾತ್ರಕ್ಕೆ ಸೇರಿದ್ದು. ಹಾಗಾಗಿ ಚಿಕ್ಕದಾದಷ್ಟೂ ವಸ್ತು ತನ್ನ ತೂಕದ ಲೆಕ್ಕದಲ್ಲಿ ಗಟ್ಟಿಯಾಗುತ್ತಾ ಹೋಗುತ್ತದೆ. ನನ್ನ ಪುಟ್ಟ ಕಬೂಸ್ ತನ್ನ ಭಾರವನ್ನು ಹೊರುವುದರಲ್ಲಿ ಮೂಲಗಾಡಿಗಿಂತ 87 ಪಟ್ಟು ಸಮರ್ಥ. ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಕೊನೆಯ ಗ್ರಂಥದಲ್ಲಿ ಇದನ್ನೇ ವಿವರಿಸಿದ. ಕುದುರೆ ಬಿದ್ದರೆ ಮೂಳೆ ಮುರಿಯುವ ಎತ್ತರದಿಂದ ನಾಯಿ ಬಿದ್ದರೆ ಏನೂ ಆಗುವುದಿಲ್ಲ ಏಕೆ ಎಂದು ಕೇಳಿ, ದೊಡ್ಡ ಪ್ರಾಣಿಗೆ ಬೇಕಾಗುವ ದಪ್ಪ ಮೂಳೆಯ ಚಿತ್ರವನ್ನೂ ಬರೆದ. ಒಮ್ಮೆ ನನ್ನ ಕಬೂಸ್ ಮುಕ್ಕಾಲು ಮೀಟರ್ ಎತ್ತರದ ಮೇಜಿನಿಂದ ನೆಲಕ್ಕೆ ಬಿತ್ತು. ಅದರ ಪ್ರಪಂಚದ ಅಳತೆಯಲ್ಲಿ ಅದು 65 ಮೀಟರ್ ಆಳದ ಕಣಿವೆ. ಒಂದು ಮೆಟ್ಟಿಲು ಸೊಟ್ಟಗಾಯಿತು, ಅಷ್ಟೇ.

ಹಗುರವಾಗಿದ್ದು ಗಟ್ಟಿಯಾಗಿರುವುದು ಬೀಳುವಾಗ ಒಳ್ಳೆಯದು, ಓಡುವಾಗ ಅಲ್ಲ. ಹಳಿಯ ಸಂದಿಯಲ್ಲಿ ಒಂದು ತುಂಡು ಇನ್ನೊಂದಕ್ಕಿಂತ 0.3 ಮಿಲಿಮೀಟರ್ ಮೇಲಿದೆ ಎನ್ನಿ. ನನ್ನ ಕೈಯಲ್ಲಿ ಅದು ಒಳ್ಳೆಯ ಕೆಲಸವೇ. ಆದರೆ ಕಬೂಸಿನ ಅಳತೆಯಲ್ಲಿ ಅದು ಎರಡೂವರೆ ಸೆಂಟಿಮೀಟರಿನ ಮೆಟ್ಟಿಲು. ಕೊಂಡಿಯ ಸ್ಪ್ರಿಂಗಿನ ಬಿಗುವು, ಬೇರಿಂಗಿನ ಘರ್ಷಣೆ, ಹಳಿಯ ಮೇಲಿನ ಧೂಳು, ಇವು ಯಾವುವೂ ಆರೂವರೆ ಲಕ್ಷ ಪಟ್ಟು ಕುಗ್ಗಿಲ್ಲ. ಕುಗ್ಗಿರುವುದು ಡಬ್ಬಿಯನ್ನು ಹಳಿಗೆ ಒತ್ತಿ ಹಿಡಿಯುವ ಭಾರ ಮಾತ್ರ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳು 1935ರಲ್ಲಿ ಕಟ್ಟಿಕೊಂಡ ರಾಷ್ಟ್ರೀಯ ಸಂಘವೊಂದಿದೆ. ಡಬ್ಬಿಯ ತೂಕ ಎಷ್ಟಿರಬೇಕೆಂಬುದಕ್ಕೆ ಅದರದ್ದೇ ಒಂದು ಸೂತ್ರ ಇದೆ: ಎಚ್‌ಓ ಅಳತೆಯಲ್ಲಿ ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸ್. ನನ್ನ ಡಬ್ಬಿಗೆ ಲೆಕ್ಕ ಹಾಕಿದರೆ ಸುಮಾರು 87 ಗ್ರಾಂ. ಅಳತೆಯ ಸಂಖ್ಯೆಯೇ ಇಲ್ಲೂ ಬಂದದ್ದು ಬರೀ ಕಾಕತಾಳೀಯ. ಆದರೆ ನಾನು ಹೆಮ್ಮೆಯಿಂದ ತೂಗಿದ 30 ಗ್ರಾಂ ಅದರ ಮೂರನೇ ಒಂದು ಭಾಗ ಮಾತ್ರ. ಸೀಸದ ಚೂರುಗಳನ್ನು ಆದಷ್ಟು ಕೆಳಗೆ, ಅಚ್ಚುಗಳಿಗೆ ಹತ್ತಿರ ಅಂಟಿಸಿದೆ. ಡಬ್ಬಿ ಆ ತಿರುವನ್ನು ಹಿಂದೆ ಮುಂದೆ ಹತ್ತು ಸಲ ದಾಟಿತು.

ಚಕ್ರದಲ್ಲೂ ಇಂಥದ್ದೇ ರಾಜಿ ಮಾಡಿಕೊಳ್ಳಬೇಕು. ನಿಜವಾದ ಗೂಡ್ಸ್ ಗಾಡಿಯ ಚಕ್ರದ ವ್ಯಾಸ 33 ಅಂಗುಲ. ಮಾದರಿಯಲ್ಲಿ ಅದು 9.6 ಮಿಲಿಮೀಟರ್, ಇದರಲ್ಲಿ ತಕರಾರಿಲ್ಲ. ಆದರೆ ಚಕ್ರದ ಅಂಚಿನಲ್ಲಿ ಹಳಿಯಿಂದ ಜಾರದಂತೆ ತಡೆಯುವ ಏಣು ಮೂಲದಲ್ಲಿ ಒಂದು ಅಂಗುಲದಷ್ಟು. 87ರಿಂದ ಭಾಗಿಸಿದರೆ 0.3 ಮಿಲಿಮೀಟರ್ ಕೂಡ ಇಲ್ಲ, ಮೂರು ಹಾಳೆ ಕಾಗದದ ದಪ್ಪ. ಮೊದಲು ಹೇಳಿದ ಹಳಿಸಂದಿಯ ಮೆಟ್ಟಿಲೇ ಅಷ್ಟಿರುವಾಗ ಆ ಏಣು ಏನು ತಡೆದೀತು? ಆದ್ದರಿಂದ ಸಾಮಾನ್ಯ ಮಾದರಿಗಳ ಏಣು 0.64 ಮಿಲಿಮೀಟರಿನವರೆಗೆ ಇರುತ್ತದೆ. ಚಕ್ರದ ಅಗಲವೂ ಇರಬೇಕಾದದ್ದಕ್ಕಿಂತ ಒಂದೂಮುಕ್ಕಾಲು ಪಟ್ಟು. ಇದನ್ನು ಒಪ್ಪದೆ ಚಕ್ರ, ಹಳಿ ಎಲ್ಲವನ್ನೂ ಕಟ್ಟುನಿಟ್ಟಾಗಿ 87ರ ಲೆಕ್ಕದಲ್ಲೇ ಮಾಡುವವರಿದ್ದಾರೆ. ಅವರ ಹಳಿಯ ಕೆಲಸ ಗಡಿಯಾರ ರಿಪೇರಿಯಷ್ಟು ಸೂಕ್ಷ್ಮ. ಅವರ ಬಗ್ಗೆ ನನಗೆ ತುಂಬು ಗೌರವವಿದೆ.

ಕುಗ್ಗದೆ ಉಳಿಯುವ ಅಳತೆಯೊಂದಿದೆ, ಕೋನ. ರೈಲು ಚಕ್ರದ ಹೊರಮೈ ಸಿಲಿಂಡರಿನ ಹಾಗಲ್ಲ, ಶಂಕುವಿನ ಹಾಗೆ ಕೊಂಚ ಇಳಿಜಾರು, ಸಾಮಾನ್ಯವಾಗಿ 20ಕ್ಕೆ 1. ಡಬ್ಬಿ ಒಂದು ಬದಿಗೆ ಸರಿದರೆ ಆ ಬದಿಯ ಚಕ್ರ ತನ್ನ ದಪ್ಪ ಭಾಗದ ಮೇಲೂ ಇನ್ನೊಂದು ತನ್ನ ಸಣ್ಣ ಭಾಗದ ಮೇಲೂ ಉರುಳಿ, ಜೋಡಿ ತಾನಾಗಿ ನಡುವಿಗೆ ಮರಳುತ್ತದೆ. 20ಕ್ಕೆ 1 ಎಂಬುದು ದೊಡ್ಡ ಚಕ್ರಕ್ಕೂ ಚಿಕ್ಕ ಚಕ್ರಕ್ಕೂ ಅದೇ.

ಬೇರಿಂಗಿನಲ್ಲಿ ಮಾದರಿಯವರು ಮೂಲವನ್ನು ಬಿಟ್ಟು ಬೇರೆಯದೇ ದಾರಿ ಹಿಡಿದರು. ಅಚ್ಚಿನ ತುದಿಯನ್ನು ಸೂಜಿಯಂತೆ ಚೂಪು ಮಾಡಿ, ನುಣುಪಾದ ಪ್ಲಾಸ್ಟಿಕ್ಕಿನ ಶಂಕುವಿನಾಕಾರದ ಗುಳಿಯಲ್ಲಿ ಕೂರಿಸುತ್ತಾರೆ. ಘರ್ಷಣೆ ತಿರುಗುವಿಕೆಯನ್ನು ಎಷ್ಟು ತಡೆಯುತ್ತದೆ ಎಂಬುದು ಉಜ್ಜುವ ಜಾಗ ನಡುಗೆರೆಯಿಂದ ಎಷ್ಟು ದೂರವಿದೆ ಎಂಬುದನ್ನು ಅವಲಂಬಿಸುತ್ತದೆ. ಸೂಜಿಯ ಮೊನೆಯಲ್ಲಿ ಆ ದೂರ ಸೊನ್ನೆಗೆ ಹತ್ತಿರ. ಎಣ್ಣೆ ಪೆಟ್ಟಿಗೆಯ ಆಕಾರ ಹೊರಗೆ ಕಾಣುತ್ತದೆ, ಮುಚ್ಚಳದ ಕೀಲೂ ಕಾಣುತ್ತದೆ, ಒಳಗೆ ಎಣ್ಣೆಯಿಲ್ಲ, ನೂಲಿಲ್ಲ. ಕ್ಯುಪೋಲಾದಲ್ಲಿ ಕುಳಿತವನು ಹೊಗೆಗಾಗಿ ಕಾಯಬೇಕಾಗಿಲ್ಲ.

ಮರದ ಗಾಡಿಯನ್ನು ಮರದಿಂದಲೇ ಮಾಡಬೇಕೆಂಬ ಆಸೆ ನನ್ನದಾಗಿತ್ತು. ಆದರೆ ಮರದ ಜೀವಕೋಶ ಕುಗ್ಗುವುದಿಲ್ಲ. ನೀರು ಹರಿಯುವ ನಾಳ 0.05 ಮಿಲಿಮೀಟರ್ ಅಗಲವಿದ್ದರೂ 87ರಿಂದ ಗುಣಿಸಿದರೆ ನಾಲ್ಕು ಮಿಲಿಮೀಟರಿಗೂ ಹೆಚ್ಚಿನ ತೂತು. ತೇಗದಂಥ ಒರಟು ನಾರಿನ ಮರದಲ್ಲಿ ಕಬೂಸ್ ಮಾಡಿದರೆ ಹುಳ ತಿಂದ ಗೋಡೆಯಂತೆ ಕಾಣುತ್ತದೆ. ಅಮೆರಿಕದವರು ಇದಕ್ಕೆ ಬಾಸ್‌ವುಡ್ ಬಳಸುತ್ತಾರೆ, ಅದರ ನಾರು ಬಲು ನಯ. ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳು ಗೊಂಬೆಗೆ ಹಾಲೆ ಮರವನ್ನು ಆರಿಸಿದ್ದೂ ಅದೇ ಬಗೆಯ ನಯಕ್ಕಾಗಿ. ಗೋಡೆಯ ಹಲಗೆಗಳನ್ನು ಮೂರೂಕಾಲು ಅಂಗುಲ ಅಗಲದವೆಂದು ಹಿಡಿದರೆ ಮಾದರಿಯಲ್ಲಿ ಒಂದು ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಒಂದೇ ಹಾಳೆಯ ಮೇಲೆ ಅಷ್ಟಷ್ಟು ಅಂತರಕ್ಕೆ ಗೀರು ಎಳೆಯುತ್ತಾ ಹೋಗಬೇಕು. ಗೀರು ಆಳವಾದರೆ ಹಲಗೆಗಳ ನಡುವೆ ಕೈ ತೂರುವಷ್ಟು ಸಂದಿ ಬಂದಂತೆ ತೋರುತ್ತದೆ. ತೆಳುವಾದರೆ ಬಣ್ಣ ಅದನ್ನು ಮುಚ್ಚಿಬಿಡುತ್ತದೆ. ಒಂದು ತಲೆಗೂದಲು ಈ ಪ್ರಪಂಚದಲ್ಲಿ ಆರು ಮಿಲಿಮೀಟರ್ ದಪ್ಪದ ಹಗ್ಗ. ಬಣ್ಣ ಬಳಿಯುವಾಗ ಬ್ರಷ್ಷಿನಿಂದ ಉದುರಿದ ಒಂದು ಎಳೆ ಗೋಡೆಯ ಮೇಲೆ ಅಂಟಿಕೊಂಡರೆ ಎಂಥ ಅನಾಹುತ ಎಂದು ಊಹಿಸಿಕೊಳ್ಳಿ. ಕಿಟಕಿಗೆ ಮಾಮೂಲಿ ಪ್ಲಾಸ್ಟಿಕ್ ಹಾಳೆ ಹಾಕಿದರೆ ಎರಡು ಸೆಂಟಿಮೀಟರ್ ದಪ್ಪದ ಗಾಜು ಹಾಕಿದಂತೆ. ಕೊನೆಗೆ ಜೀವಶಾಸ್ತ್ರದ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಸ್ಲೈಡಿನ ಮೇಲೆ ಮುಚ್ಚುವ ಕವರ್‌ಸ್ಲಿಪ್ ಬಳಸಿದೆ. 0.15 ಮಿಲಿಮೀಟರಿನ ಅಸಲಿ ಗಾಜು, ಬೆಳಕು ಬಿದ್ದರೆ ಗಾಜಿನಂತೆಯೇ ಹೊಳೆಯುತ್ತದೆ.

ಎಷ್ಟು ಸೂಕ್ಷ್ಮಕ್ಕೆ ಇಳಿಯಬೇಕು ಎಂಬ ಪ್ರಶ್ನೆಗೆ ಉತ್ತರ ನಮ್ಮ ಕಣ್ಣಿನಲ್ಲಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನದಲ್ಲಿರುವ ಎರಡು ಚುಕ್ಕೆಗಳನ್ನು ಬೇರೆ ಬೇರೆ ಎಂದು ಗುರುತಿಸಬಲ್ಲದು. 60 ಸೆಂಟಿಮೀಟರ್ ದೂರದಲ್ಲಿ ಅದು ಸುಮಾರು 0.17 ಮಿಲಿಮೀಟರ್. ಮೇಜಿನ ಮೇಲಿನ ಡಬ್ಬಿಯನ್ನು ಅಷ್ಟು ದೂರದಿಂದ ನೋಡುವುದೆಂದರೆ ನಿಜವಾದ ಕಬೂಸನ್ನು 52 ಮೀಟರ್ ದೂರ ನಿಂತು ನೋಡಿದಂತೆ. ಅಲ್ಲಿಂದ 15 ಮಿಲಿಮೀಟರಿಗಿಂತ ಚಿಕ್ಕ ವಿವರಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಬೋಲ್ಟಿನ ತಲೆ ಕಾಣುತ್ತದೆ, ಅದರ ಮೇಲಿನ ಗೀರು ಕಾಣುವುದಿಲ್ಲ. ಹೀಗೊಂದು ಗೆರೆ ಎಳೆದುಕೊಂಡ ಮೇಲೆ ಕೆಲಸ ಹಗುರವಾಯಿತು. ಆದರೆ ಮ್ಯಾಕ್ರೊ ಲೆನ್ಸ್ ಹಾಕಿದ ಕ್ಯಾಮೆರಾ ಈ ಗೆರೆಗೆ ಮರ್ಯಾದೆ ಕೊಡುವುದಿಲ್ಲ. ಕಣ್ಣಿಗೆ ಪರಿಪೂರ್ಣವಾಗಿ ಕಂಡ ಗೋಡೆ ಫೋಟೊದಲ್ಲಿ ಸುಣ್ಣ ಉದುರಿದ ಹಾಗೆ ಕಂಡಾಗ ಎದೆಗುಂದಬೇಡಿ, ಮಾದರಿಯನ್ನು ಕಟ್ಟಿರುವುದು ಕಣ್ಣಿಗಾಗಿ.

ಬಣ್ಣದ ಬಗ್ಗೆ ಎರಡು ಮಾತು. ಕಬೂಸ್ ಎಂದರೆ ಕೆಂಪು ಎಂಬ ಮಾತಿದೆ. ಪೆನ್ಸಿಲ್ವೇನಿಯಾದ ಕೆಂಪು ಕುಂಕುಮದ ಕೆಂಪಲ್ಲ, ಕಾವಿಯ ಕೆಂಪು. ಕಬ್ಬಿಣದ ಆಕ್ಸೈಡ್. ನಮ್ಮ ಕರಾವಳಿಯ ದೇವಸ್ಥಾನಗಳ ಗೋಡೆಯ ಕಾವಿ ಚಿತ್ರಗಳಲ್ಲಿ, ಮಲೆನಾಡಿನ ಮನೆಯ ಜಗಲಿಯಂಚಿನಲ್ಲಿ ಇರುವುದೂ ಅದೇ ರಾಸಾಯನಿಕ. ಕಬ್ಬಿಣ ಆಮ್ಲಜನಕದೊಂದಿಗೆ ಸೇರಿ ಆಗಬೇಕಾದ ಬದಲಾವಣೆಯೆಲ್ಲ ಆಗಿ ಮುಗಿದ ವಸ್ತುವದು. ಬಿಸಿಲು ಅದನ್ನು ಇನ್ನು ಸುಲಭವಾಗಿ ಕೆಡಿಸಲಾರದು. ಅಗ್ಗ, ಬಾಳಿಕೆಯದು, ಹಾಗಾಗಿ ಸಾವಿರಾರು ಸರಕು ಡಬ್ಬಿಗಳಿಗೆ ಅದನ್ನೇ ಬಳಿದರು. ಮಾದರಿಗೆ ಅದೇ ಬಣ್ಣವನ್ನು ಹಾಗೇ ಬಳಿದರೆ ಮಾತ್ರ ಕಪ್ಪಾಗಿ ಕಾಣುತ್ತದೆ. ನಿಜವಾದ ಗಾಡಿ ನಿಲ್ಲುವುದು ಬಯಲ ಬೆಳಕಿನಲ್ಲಿ, ನಡುವೆ ಹತ್ತಾರು ಮೀಟರ್ ಗಾಳಿ, ಧೂಳು. ಕೋಣೆಯ ದೀಪ ಹಗಲಿನ ಬಿಸಿಲಿನ ಮುಂದೆ ತೀರಾ ಮಂಕು. ಹಾಗಾಗಿ ಕಾವಿಗೆ ಚೂರು ಬಿಳಿ, ಚೂರು ಬೂದು ಬೆರೆಸಿ ತಿಳಿಯಾಗಿಸಬೇಕು. ಎಷ್ಟೆಂಬುದಕ್ಕೆ ಸೂತ್ರವಿಲ್ಲ. ಬಳಿದು, ಒಣಗಿಸಿ, ಡಬ್ಬಿಯನ್ನು ಇಡುವ ಜಾಗದ ದೀಪದಲ್ಲೇ ನೋಡಬೇಕು.

ಎಲ್ಲಕ್ಕಿಂತ ಮೊಂಡು ಕಾಲ. ನಾಲ್ಕು ಮೀಟರ್ ಎತ್ತರದ ಕ್ಯುಪೋಲಾದಿಂದ ಲಾಂದ್ರ ಕೈಜಾರಿದರೆ ನೆಲಕ್ಕೆ ಬೀಳಲು 0.9 ಸೆಕೆಂಡ್ ಬೇಕು. ಮಾದರಿಯಲ್ಲಿ ಆ ಎತ್ತರ 4.6 ಸೆಂಟಿಮೀಟರ್, ಬೀಳಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಗುರುತ್ವ ಕುಗ್ಗಿಲ್ಲವಲ್ಲ. ಬೀಳುವ, ತೂಗುವ, ಓಲಾಡುವ ಚಲನೆಗಳ ಕಾಲ ಉದ್ದದ ವರ್ಗಮೂಲದಂತೆ ಬದಲಾಗುತ್ತದೆ, 87ರ ವರ್ಗಮೂಲ ಒಂಬತ್ತಕ್ಕಿಂತ ಸ್ವಲ್ಪ ಹೆಚ್ಚು. ದೊಡ್ಡ ಕಬೂಸ್ ಹಳಿಯ ಮೇಲೆ ಗಂಭೀರವಾಗಿ ಓಲಾಡಿದರೆ ಚಿಕ್ಕದು ಅದರ ಒಂಬತ್ತು ಪಟ್ಟು ಚುರುಕಾಗಿ ನಡುಗುತ್ತದೆ. ಎಷ್ಟೇ ಚೆನ್ನಾಗಿ ಬಣ್ಣ ಹಚ್ಚಿದ ಮಾದರಿಯಾದರೂ ಓಡತೊಡಗಿದ ಕೂಡಲೇ ಆಟಿಕೆ ಎನ್ನಿಸಲು ಇದೇ ಮುಖ್ಯ ಕಾರಣ. ಹಡಗಿನ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ಪರೀಕ್ಷಿಸಿದ ಇಂಗ್ಲೆಂಡಿನ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ಈ ವರ್ಗಮೂಲದ ನಿಯಮವನ್ನು ಕೆಲಸಕ್ಕೆ ಹಚ್ಚಿದ. ಮಾದರಿಯನ್ನು ಯಾವ ವೇಗದಲ್ಲಿ ಎಳೆದರೆ ದೊಡ್ಡ ಹಡಗಿನ ಅಲೆಗಳೇ ಚಿಕ್ಕದಾಗಿ ಮೂಡುತ್ತವೆ ಎಂದು ತೋರಿಸಿದ. ಸಿನಿಮಾದವರಿಗೂ ಇದು ಬೇಕು. ನನ್ನ ಅಳತೆಯ ರೈಲು ಅಪಘಾತವನ್ನು ನಂಬುವಂತೆ ತೆರೆಗೆ ತರಲು ಸೆಕೆಂಡಿಗೆ 24ರ ಬದಲು 220ಕ್ಕೂ ಹೆಚ್ಚು ಚೌಕಟ್ಟುಗಳಲ್ಲಿ ಚಿತ್ರಿಸಿ, ನಿಧಾನವಾಗಿ ತೋರಿಸಬೇಕು. 1926ರ ‘ದಿ ಜನರಲ್’ ಚಿತ್ರದಲ್ಲಿ ಬಸ್ಟರ್ ಕೀಟನ್ ಮಾದರಿಯ ಗೊಡವೆಗೇ ಹೋಗದೆ, ಒರೆಗಾನ್‌ನಲ್ಲಿ ನಿಜವಾದ ಎಂಜಿನ್ನನ್ನೇ ಉರಿಯುವ ಸೇತುವೆಯಿಂದ ಹೊಳೆಗೆ ಬೀಳಿಸಿದ. ಇವತ್ತಿಗೂ ಆ ದೃಶ್ಯದ ಭಾರ ನೋಡುವವರ ಎದೆಗೆ ತಟ್ಟುತ್ತದೆ.

ಮಾದರಿಯಲ್ಲಿ ಹಿಡಿಯಲಾಗದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ಕಬೂಸಿನ ಒಳಗಿನ ಬದುಕೆಲ್ಲ ಅದರ ಸುತ್ತ ಇತ್ತು. ಡಬ್ಬಿಗಳ ಕೊಂಡಿಗಳಲ್ಲಿ ಸಡಿಲವಿರುತ್ತದೆ. ಕೊಂಡಿಗೆ 15 ಸೆಂಟಿಮೀಟರ್ ಎಂದರೂ ನೂರು ಡಬ್ಬಿಯ ಗಾಡಿ ಎಳೆದಾಗ, ಒತ್ತಿದಾಗ 15 ಮೀಟರ್ ಉದ್ದ, ಗಿಡ್ಡ ಆಗುತ್ತದೆ. ಎಂಜಿನ್ ಹೊರಟು ಒಂದೊಂದೇ ಸಡಿಲ ಬಿಗಿಯಾಗುತ್ತಾ ಬಂದು ಕೊನೆಗೆ ಕಬೂಸ್ ಒಂದೇ ಏಟಿಗೆ ಗಾಡಿಯ ವೇಗಕ್ಕೆ ಏರಬೇಕು. ನಿಲ್ಲುವಾಗಲೂ ಹಾಗೆಯೇ. ವೆಸ್ಟಿಂಗ್‌ಹೌಸ್ ಎಂಬಾತ ರೂಪಿಸಿದ ಗಾಳಿಬ್ರೇಕಿನಲ್ಲಿ ಗಾಡಿಯುದ್ದಕ್ಕೂ ಹಾಯುವ ಕೊಳವೆಯ ಒತ್ತಡ ಇಳಿದರೆ ಬ್ರೇಕ್ ಬೀಳುತ್ತದೆ. ಆದರೆ ಒತ್ತಡ ಇಳಿದ ಸುದ್ದಿ ಗಾಳಿಯಲ್ಲಿ ಶಬ್ದಕ್ಕಿಂತ ಬೇಗ ಓಡಲಾರದು. ಒಂದೂವರೆ ಕಿಲೋಮೀಟರ್ ಉದ್ದದ ಗಾಡಿಯಲ್ಲಿ ಅದು ಬಾಲಕ್ಕೆ ತಲುಪಲು ನಾಲ್ಕು ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಮುಂದಿನವು ನಿಧಾನಿಸಿರುತ್ತವೆ, ಹಿಂದಿನವು ನುಗ್ಗಿ ಬರುತ್ತಿರುತ್ತವೆ. ಆ ಹೊಡೆತಕ್ಕೆ ಕಬೂಸಿನೊಳಗೆ ನಿಂತವನು ಗೋಡೆಗೆ ಅಪ್ಪಳಿಸುತ್ತಿದ್ದ. ಆದ್ದರಿಂದಲೇ ಒಲೆಯನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿರುತ್ತಿದ್ದರು. ಒಲೆಯ ಮೇಲೆ ಪಾತ್ರೆ ಜಾರದಂತೆ ಸುತ್ತ ಕಟ್ಟೆ. ಎಲ್ಲಿ ಕೈ ಚಾಚಿದರೂ ಹಿಡಿದುಕೊಳ್ಳಲು ಒಂದು ಕಂಬಿ.

ಕೊಂಡಿಯ ಕಥೆ ಇದಕ್ಕಿಂತ ಕ್ರೂರ. ಮೊದಲು ಇದ್ದದ್ದು ಬಳೆ ಮತ್ತು ಗೂಟದ ಕೊಂಡಿ. ಎರಡು ಡಬ್ಬಿ ಹತ್ತಿರ ಬರುವಾಗ ಒಬ್ಬ ನಡುವೆ ನಿಂತು ಕಬ್ಬಿಣದ ಬಳೆಯನ್ನು ಕೈಯಲ್ಲಿ ಎತ್ತಿ ಹಿಡಿದು, ಕೊನೆಯ ಗಳಿಗೆಯಲ್ಲಿ ಕೈ ಎಳೆದುಕೊಂಡು ಗೂಟ ಇಳಿಸಬೇಕು. ಉಳಿದ ಬೆರಳುಗಳನ್ನು ನೋಡಿ ಅನುಭವ ಎಷ್ಟೆಂದು ಹೇಳಬಹುದು ಎನ್ನುತ್ತಿದ್ದರಂತೆ. ವರ್ಜೀನಿಯಾದ ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಎಲೈ ಜ್ಯಾನಿ ಬಾಗಿಸಿದ ಬೆರಳುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವಂಥ ಕೊಂಡಿಯೊಂದನ್ನು ಕಲ್ಪಿಸಿ, ಜೇಬಿನ ಚಾಕುವಿನಿಂದ ಮರದಲ್ಲಿ ಕೆತ್ತಿ ನೋಡಿದ. 1873ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಸಾವಿರಾರು ಕೈಗಳನ್ನು ಉಳಿಸಿದ ಯಂತ್ರ ಹುಟ್ಟಿದ್ದು ಒಂದು ಮರದ ಮಾದರಿಯಾಗಿ! ಆದರೂ ಕಂಪನಿಗಳು ತಾವಾಗಿ ಬದಲಾಗಲಿಲ್ಲ. ಅಯೊವಾದ ಲೊರೆಂಜೊ ಕಾಫಿನ್ ಎಂಬ ರೈತ ವರ್ಷಗಟ್ಟಲೆ ಬೆನ್ನು ಹತ್ತಿದ. 1893ರ ಮಾರ್ಚ್ 2ರಂದು ಅಧ್ಯಕ್ಷ ಹ್ಯಾರಿಸನ್ ಸಹಿ ಹಾಕಿದ ಕಾನೂನು ತಾನಾಗಿ ಬೀಳುವ ಕೊಂಡಿಯನ್ನೂ ಗಾಳಿಬ್ರೇಕನ್ನೂ ಕಡ್ಡಾಯ ಮಾಡಿತು. ಮುಂದೆ 1911ರಲ್ಲಿ ಮೆಟ್ಟಿಲು, ಏಣಿ, ಹಿಡಿಕಂಬಿಗಳ ಅಳತೆಯನ್ನೂ ಸರ್ಕಾರವೇ ನಿಗದಿಪಡಿಸಿತು.

1980ರ ದಶಕದಲ್ಲಿ ಕಬೂಸ್‌ಗಳು ಒಂದೊಂದಾಗಿ ಮರೆಯಾದವು. ಅವುಗಳ ಜಾಗಕ್ಕೆ ಕೊನೆಯ ಡಬ್ಬಿಯ ಕೊಂಡಿಗೆ ಸಿಕ್ಕಿಸುವ ಒಂದು ಪೆಟ್ಟಿಗೆ ಬಂತು. ಅದು ಕೆಂಪು ದೀಪ ಮಿನುಗಿಸುತ್ತಾ ಬ್ರೇಕ್ ಕೊಳವೆಯ ಒತ್ತಡವನ್ನು ರೇಡಿಯೊದಲ್ಲಿ ಎಂಜಿನ್ನಿಗೆ ತಿಳಿಸುತ್ತದೆ. ಬಿಸಿ ಅಚ್ಚನ್ನು ಈಗ ಹಳಿಪಕ್ಕದ ಉಪಕರಣಗಳು ಹುಡುಕುತ್ತವೆ. ಕೆಲಸ ಚೆನ್ನಾಗಿಯೇ ಆಗುತ್ತಿದೆ. ಆದರೂ ನನ್ನ ಪುಟ್ಟ ಕಬೂಸಿನ ಹಿಂದಿನ ಎರಡು ಮೂಲೆಗೆ ಬಾಲದೀಪಗಳನ್ನು ಹಾಕುವಾಗ ಹೆಚ್ಚು ಹೊತ್ತು ತೆಗೆದುಕೊಂಡೆ. ಅಮೆರಿಕದ ಹಳೆಯ ನಿಯಮಾವಳಿಯಲ್ಲಿ ಗುರುತುದೀಪ ಹೊತ್ತದ್ದೇ ಟ್ರೈನ್. ಅದಿಲ್ಲದಿದ್ದರೆ ಎಷ್ಟೇ ಡಬ್ಬಿಗಳಿದ್ದರೂ ಅದು ಟ್ರೈನ್ ಅಲ್ಲ. ಸ್ಟೇಷನ್ನಿನವರು ಆ ಎರಡು ದೀಪ ಕಂಡ ಮೇಲೆಯೇ ಗಾಡಿ ಇಡಿಯಾಗಿ ದಾಟಿತೆಂದು ನಿಟ್ಟುಸಿರು ಬಿಡುತ್ತಿದ್ದರು. ಇಂದು ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ ಎಲ್‌ಇಡಿ ಸಿಗುತ್ತದೆ. ಅದಕ್ಕೆ ಸಾಕಷ್ಟು ರೆಸಿಸ್ಟರ್ ಹಾಕಿ ಸೀಮೆಎಣ್ಣೆ ಬತ್ತಿಯ ಮಂದಬೆಳಕಿಗೆ ಇಳಿಸಿದೆ.

ಕೊನೆಗೆ ಉಳಿದದ್ದು ಮೆಟ್ಟಿಲ ಪಕ್ಕದ ಹಿಡಿಕಂಬಿಗಳು. 1911ರ ಅಳತೆಯ ಪ್ರಕಾರ ಕಂಬಿಯ ದಪ್ಪ ಕನಿಷ್ಠ ಅಂಗುಲದ ಎಂಟರಲ್ಲಿ ಐದು ಪಾಲು, ಸುಮಾರು 16 ಮಿಲಿಮೀಟರ್. ಮಾದರಿಯಲ್ಲಿ 0.18. ಕಣ್ಣಿನ ಶಕ್ತಿಯ ಅಂಚಿನಲ್ಲೇ ನಿಂತಿರುವ ಅಳತೆ. ಸಾಮಾನ್ಯವಾಗಿ 0.3 ಮಿಲಿಮೀಟರಿನ ತಂತಿ ಹಾಕುತ್ತಾರೆ, ಅದು ಕೈ ತಗಲಿದರೂ ಬಾಗುವುದಿಲ್ಲ. ಚಕ್ರದಲ್ಲಿ, ತೂಕದಲ್ಲಿ, ಬಣ್ಣದಲ್ಲಿ ರಾಜಿ ಮಾಡಿಕೊಂಡವನಿಗೆ ಇಲ್ಲಿ ಮಾತ್ರ ಮನಸ್ಸು ಬರಲಿಲ್ಲ. ಗಿಟಾರಿನ ಅತಿ ತೆಳುವಾದ ಉಕ್ಕಿನ ತಂತಿ ತಂದೆ, 0.2 ಮಿಲಿಮೀಟರಿನದು. ಚಿಮುಟದಲ್ಲಿ ಬಾಗಿಸಿ, ಗೋಡೆಯ ತೂತುಗಳಿಗೆ ತೂರಿಸಿ, ಅಂಟು ಒಣಗುವ ಮುನ್ನ ಕಂಬಿಗೂ ಗೋಡೆಗೂ ನಡುವಿನ ಸಂದಿಯನ್ನು ನೋಡಿದೆ. ಆ ಸಂದಿ ಎರಡು ಅಂಗುಲಕ್ಕಿಂತ ಕಡಿಮೆ ಇರಕೂಡದು ಎಂದು ನಿಯಮ. ನನ್ನ ಲೆಕ್ಕದಲ್ಲಿ 0.58 ಮಿಲಿಮೀಟರ್. ನನ್ನಲ್ಲಿದ್ದ 0.6ರ ಡ್ರಿಲ್ ಕಡ್ಡಿಯನ್ನು ಮೆಲ್ಲಗೆ ಸಂದಿಗೆ ಸೇರಿಸಿದೆ. ಒಂದು ಕಡೆ ಸಿಕ್ಕಿಕೊಂಡಿತು. ತಂತಿಯನ್ನು ಕೂದಲೆಳೆಯಷ್ಟು ಹೊರಕ್ಕೆಳೆದು ಮತ್ತೆ ಹಾಕಿದೆ. ಈ ಸಲ ಕಡ್ಡಿ ಆ ತುದಿಯಿಂದ ಈ ತುದಿಯವರೆಗೆ ಸಲೀಸಾಗಿ ಜಾರಿತು. ದಪ್ಪ ಕೈಗವಸು ತೊಟ್ಟ ಒಂದು ಕೈ, ಓಡುವ ಗಾಡಿಯ ಕಂಬಿಯನ್ನು ಸುತ್ತಿ ಹಿಡಿಯುವಷ್ಟು ಜಾಗ.